ಜೇನುಮೇಣದ ಬತ್ತಿಗೆ ಬಣ್ಣದ ಬಿಲ್ಲೆಗಳು: ಕೆಂಪು ಕೊಳ್ಳಿ, ನೀಲಿ ಬೇಡ

ಮೈಸೂರಿನ ದೇವರಾಜ ಮಾರುಕಟ್ಟೆಯ ಸಮೀಪದ ಅಂಗಡಿಯೊಂದರಲ್ಲಿ ಮೇಣದಬತ್ತಿಗೆಂದೇ ತಯಾರಾದ ಬಣ್ಣದ ಬಿಲ್ಲೆಗಳು ದೊರೆಯುತ್ತವೆ. ಕೊಡಗಿನಿಂದ ತರಿಸಿದ ಹಳದಿ ಜೇನುಮೇಣಕ್ಕೆ ಅವುಗಳನ್ನು ಬೆರೆಸಿ, ಮನೆಯಲ್ಲಿ ದೀಪಾವಳಿಗೆ ಬತ್ತಿಗಳನ್ನು ಎರೆದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಪೊಟ್ಟಣದಲ್ಲಿರುವ ಕೆಂಪು, ಕಿತ್ತಳೆ, ಕಂದು ಮತ್ತು ಹಸಿರು ಬಣ್ಣಗಳನ್ನು ಧೈರ್ಯವಾಗಿ ಕೊಳ್ಳಬಹುದು. ನೀಲಿಯನ್ನು ಮಾತ್ರ ಹಳದಿ ಮೇಣಕ್ಕೆ ಕೊಳ್ಳಬಾರದು.

ಪೊಟ್ಟಣದ ಮೇಲಿನ ಮಾದರಿ ಚಿತ್ರಗಳು ಬಿಳಿಯ ಪ್ಯಾರಾಫಿನ್ ಮೇಣಕ್ಕೆ ಸರಿಹೊಂದುತ್ತವೆಯೇ ಹೊರತು ಜೇನುಮೇಣಕ್ಕಲ್ಲ. ಜೇನುಮೇಣಕ್ಕೆ ತನ್ನದೇ ಹಳದಿಯಿರುವುದರಿಂದ ಕೆಂಪು ಸ್ವಲ್ಪ ಇಟ್ಟಿಗೆಯ ಕಡೆಗೆ ವಾಲಿ ಇನ್ನಷ್ಟು ಬೆಚ್ಚಗೆ ಕಾಣುತ್ತದೆ, ಕಂದು ಗಾಢವಾಗುತ್ತದೆ, ನೀಲಿಯಾದರೋ ಹಳದಿಯೊಡನೆ ಸೇರಿ ಪಾಚಿಯ ಹಸಿರಾಗಿಬಿಡುತ್ತದೆ. ನೀಲಿಯೇ ಬೇಕೆನ್ನುವವರು ಬಿಳುಪುಗೊಳಿಸಿದ ಜೇನುಮೇಣವನ್ನು ಕೊಳ್ಳಬೇಕು. ಆದರೆ ಅದರಲ್ಲಿ ಜೇನಿನ ಪರಿಮಳ ಬಹುಮಟ್ಟಿಗೆ ಹೋಗಿರುತ್ತದೆ, ನನಗೆ ಆ ನಷ್ಟ ಒಪ್ಪಿಗೆಯಿಲ್ಲ.

ಬಿಲ್ಲೆಗಳು ಕರಗುವ ರೀತಿ ಮೆಚ್ಚುವಂಥದ್ದು. ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಮೇಣವನ್ನು 75 ಡಿಗ್ರಿಯ ಆಸುಪಾಸಿಗೆ ತಂದು, ಬಿಲ್ಲೆಯನ್ನು ಚಾಕುವಿನಿಂದ ಹೆರೆದು ಹಾಕಿದರೆ ತಳದಲ್ಲಿ ಗಸಿ ಉಳಿಯದಂತೆ ಬೆರೆಯುತ್ತದೆ. ಶಾಖ 85 ಡಿಗ್ರಿಯನ್ನು ದಾಟಿದರೆ ಮೇಣವೇ ಕಪ್ಪಿಡತೊಡಗಿ ಬಣ್ಣ ಮಂಕಾಗುತ್ತದೆ. ಕರಗಿದ ಮೇಣದ ಬಣ್ಣ ಕಡುವಾಗಿ ತೋರುವುದರಿಂದ, ಬಿಳಿಯ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು, ಅದು ಗಟ್ಟಿಯಾದ ಮೇಲೆಯೇ ಇನ್ನಷ್ಟು ಬೇಕೇ ಎಂದು ನಿರ್ಧರಿಸುವುದು ಒಳಿತು. ಎಷ್ಟು ಮೇಣಕ್ಕೆ ಎಷ್ಟು ಬಿಲ್ಲೆ ಎಂಬ ವಿವರವನ್ನು ಪೊಟ್ಟಣದ ಮೇಲೆ ಕೊಡದಿರುವುದು ತಯಾರಕರ ದೊಡ್ಡ ಲೋಪ.

ಅದೇ ಮಾರುಕಟ್ಟೆಯಲ್ಲಿ ಗೋಪುರದಂತೆ ಒಟ್ಟಿದ ಕುಂಕುಮವನ್ನು ಕಂಡವರಿಗೆ ಅದನ್ನೇ ಬೆರೆಸೋಣವೆನ್ನಿಸುವುದು ಸಹಜ. ದಯವಿಟ್ಟು ಬೆರೆಸಬೇಡಿ. ಕುಂಕುಮವಾಗಲಿ ಮಿನುಗುವ ಮೈಕಾ ಪುಡಿಯಾಗಲಿ ಮೇಣದಲ್ಲಿ ಕರಗುವುದಿಲ್ಲ. ಅದರ ಕಣಗಳು ಬತ್ತಿಯ ನೂಲಿಗೆ ಕಟ್ಟಿಕೊಂಡು ಮೇಣ ಮೇಲೇರದಂತೆ ತಡೆಯುವುದರಿಂದ ಜ್ವಾಲೆ ಕುಗ್ಗುತ್ತದೆ. ನೀರಿನಲ್ಲಿ ಕರಗುವ ಅಡುಗೆ ಬಣ್ಣವೂ ಮೇಣದೊಡನೆ ಬೆರೆಯದೆ ತಳ ಸೇರುತ್ತದೆ. ಸಸ್ಯಮೂಲದ ಬಣ್ಣವನ್ನೇ ಬಯಸುವವರು ಗ್ರಂಥಿಗೆ ಅಂಗಡಿಯ ರತನ್‌ಜೋತ್ ಬೇರನ್ನು ಬಿಸಿ ಮೇಣದಲ್ಲಿ ನೆನೆಸಿ ಬಟ್ಟೆಯಲ್ಲಿ ಸೋಸಬಹುದು, ಏಕೆಂದರೆ ಅದರ ಬಣ್ಣ ಎಣ್ಣೆಯಲ್ಲಿಯೂ ಮೇಣದಲ್ಲಿಯೂ ಬಿಡುತ್ತದೆ.

ಬಣ್ಣದ ಬತ್ತಿಗಳನ್ನು ಬಿಸಿಲಿಗೆ ಇಡಬಾರದು. ಕೆಲಕಾಲದ ಬಳಿಕ ಕಂದು, ಕೆಂಪು ಬತ್ತಿಗಳ ಮೇಲೆ ಎದ್ದು ಕಾಣುವ ಬಿಳಿ ಪೊರೆ ಜೇನುಮೇಣದ ಗುಣವೇ ಆಗಿದ್ದು, ಮೆದು ಬಟ್ಟೆಯಿಂದ ಉಜ್ಜಿದರೆ ಹೋಗುತ್ತದೆ. ಅದಕ್ಕಾಗಿ ಬಿಲ್ಲೆಯನ್ನು ದೂರಬೇಕಿಲ್ಲ. ಅಂಗಡಿಯವರು ಬಣ್ಣಗಳನ್ನು ಬಿಡಿಯಾಗಿಯೂ ಕೊಡುತ್ತಾರಾದ್ದರಿಂದ, ಹಳದಿ ಮೇಣ ಬಳಸುವವರು ಇಡೀ ಪೊಟ್ಟಣದ ಬದಲು ಕೆಂಪು ಮತ್ತು ಕಂದು ಬಿಲ್ಲೆಗಳನ್ನಷ್ಟೇ ಕೇಳಿ ಪಡೆಯಬಹುದು.