ಇನರ್ಷಿಯಾ ಡೈನೋ: ಹೋಲಿಕೆಗೆ ಪಕ್ಕಾ, ಒಂಟಿ ಅಂಕಿಗೆ ಅಲ್ಲ

ಭಾರದ ಡ್ರಮ್ಮನ್ನು ಚಕ್ರದಿಂದ ತಿರುಗಿಸಿ ಪವರ್ ಅಳೆಯುವ ಇನರ್ಷಿಯಾ ಡೈನೋದಲ್ಲಿ ಕೆಡುವ ಭಾಗಗಳು ಕಡಿಮೆ. ಡ್ರಮ್ಮಿನ ಜಡತ್ವ ಮೊದಲೇ ಗೊತ್ತಿರುತ್ತದೆ. ಅದು ಎಷ್ಟು ಬೇಗ ವೇಗ ಹಿಡಿಯಿತು ಅನ್ನುವುದರಿಂದ ಪವರ್ ಲೆಕ್ಕ ಸಿಗುತ್ತದೆ. ಬಲ ಅಳೆಯುವ ಲೋಡ್ ಸೆಲ್ ಎಂಬ ಸೆನ್ಸರ್ ಇಲ್ಲ, ತೂಕ ತೂಗುಹಾಕಿ ಕ್ಯಾಲಿಬ್ರೇಟ್ ಮಾಡುವ ಗೋಜೂ ಇಲ್ಲ. ಒಂದೇ ಗಾಡಿಯ ಮೂರು ರನ್‌ಗಳು (ಅಳತೆಯ ಓಟಗಳು) ಶೇ 1–2ರೊಳಗೆ ಬರಬೇಕು. ಬರದಿದ್ದರೆ ಮೊದಲು ನೋಡಬೇಕಾದ್ದು ಗಾಡಿ ಕಟ್ಟಿದ ರೀತಿ. ಗಾಡಿ ಕಟ್ಟುವ ಬೆಲ್ಟ್ ಬಿಗಿಯಾದರೆ ಟೈರ್ ಅಮುಕಿಕೊಂಡು ಪವರ್ ತಿನ್ನುತ್ತದೆ. ಸಡಿಲವಾದರೆ ಟೈರ್ ಜಾರುತ್ತದೆ, ಗ್ರಾಫ್ ಗರಗಸದ ಹಲ್ಲಿನಂತೆ ಕಾಣುತ್ತದೆ. ಟೈರಿನ ಗಾಳಿ ಒತ್ತಡ ಮತ್ತು ಗೇರ್ ಎಲ್ಲ ರನ್‌ಗೂ ಒಂದೇ ಇರಲಿ. 1:1ಕ್ಕೆ ಹತ್ತಿರದ ಗೇರ್ ಒಳ್ಳೆಯದು.

ಪವರ್ ಲೆಕ್ಕಕ್ಕೆ ಎಂಜಿನ್ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಬೇಡ, ಎಂಜಿನ್ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಬೇಕೇ ಬೇಕು. ಎಡವಟ್ಟಾಗುವುದು ಇಲ್ಲೇ, ಸ್ಪಾರ್ಕ್ ಎಣಿಸಿ ಆರ್‌ಪಿಎಂ ಲೆಕ್ಕ ಹಾಕುವಾಗ. ಪ್ರತಿ ಸುತ್ತಿಗೂ ಸ್ಪಾರ್ಕ್ ಕೊಡುವ ಇಗ್ನಿಷನ್‌ಗೆ ಎರಡು ಸುತ್ತಿಗೊಂದು ಸ್ಪಾರ್ಕ್ ಎಂದು ಸೆಟ್ಟಿಂಗ್ ಇಟ್ಟರೆ ಆರ್‌ಪಿಎಂ ದುಪ್ಪಟ್ಟು, ಟಾರ್ಕ್ ಅರ್ಧ. ಪವರ್ ಮಾತ್ರ ಸರಿಯಾಗೇ ಇರುತ್ತದೆ. ಕಿಲೋವ್ಯಾಟನ್ನು 9549ರಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದರೆ ನ್ಯೂಟನ್ ಮೀಟರ್ ಸಿಗುತ್ತದೆ: 6000 ಆರ್‌ಪಿಎಂನಲ್ಲಿ 75 ಕಿಲೋವ್ಯಾಟ್ ಇದ್ದರೆ ಸುಮಾರು 119. ಟ್ಯಾಕೋಮೀಟರ್ ಜೊತೆ ತಾಳೆ ನೋಡಿದರೆ ಮೋಸ ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ಕರೆಕ್ಷನ್ ಫ್ಯಾಕ್ಟರ್, ಅಂದರೆ ಆ ದಿನದ ಹವಾಮಾನಕ್ಕೆ ತಕ್ಕಂತೆ ಅಂಕಿಯನ್ನು ತಿದ್ದುವ ಗುಣಕ. ಎಸ್‌ಎಇ ಜೆ1349 ಎಂಬ ಮಾನದಂಡದ ಲೆಕ್ಕ 25 ಡಿಗ್ರಿ, 990 ಮಿಲಿಬಾರ್ ಒಣ ಗಾಳಿಯದು. 35 ಡಿಗ್ರಿ, 950 ಮಿಲಿಬಾರ್ ಇದ್ದ ದಿನ ಫ್ಯಾಕ್ಟರ್ 1.07, ಅಳತೆಯಲ್ಲಿ 100 ಅಶ್ವಶಕ್ತಿ ಬಂದದ್ದು ಕಾಗದದಲ್ಲಿ 107. ಅದೇ ದಿನ ತಾಪಮಾನ ಅಳೆಯುವ ಪ್ರೋಬ್ ಎಕ್ಸಾಸ್ಟ್ ಬಿಸಿಗೆ ಸಿಕ್ಕಿ 45 ಓದಿದರೆ 109. ಪುಕ್ಕಟೆ 2 ಅಶ್ವಶಕ್ತಿ! ಬೂಸ್ಟನ್ನು (ಟರ್ಬೊ ತುಂಬುವ ಗಾಳಿಯ ಒತ್ತಡವನ್ನು) ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುವೇ ನಿಯಂತ್ರಿಸುವ ಟರ್ಬೊ ಎಂಜಿನ್‌ಗೆ ಈ ತಿದ್ದುಪಡಿ ಸಾಮಾನ್ಯವಾಗಿ ಅತಿಯಾಗುತ್ತದೆ. ‘ಎಸ್‌ಟಿಡಿ’ ಎಂಬ ಇನ್ನೊಂದು ತಿದ್ದುಪಡಿ ಆಯ್ಕೆ ಎಸ್‌ಎಇಗಿಂತ ಶೇ 2ರಿಂದ 4ರಷ್ಟು ಹೆಚ್ಚು ತೋರಿಸುತ್ತದೆ. ಹಾಗಾಗಿ ಮೊದಲಿನ ರನ್ ಎಸ್‌ಎಇಯಲ್ಲಿ, ಟ್ಯೂನ್ ಆದಮೇಲಿನದು ಎಸ್‌ಟಿಡಿಯಲ್ಲಿ ಇದ್ದರೆ ಆ ಹೋಲಿಕೆಗೆ ಬೆಲೆಯಿಲ್ಲ.

ಚಕ್ರದ ಅಂಕಿಗೆ ಶೇ 15 ಸೇರಿಸಿ ‘ಎಂಜಿನ್ ಪವರ್’ ಎಂದು ಬರೆದುಕೊಡುವುದು ಬರೀ ಅಂದಾಜು; ಗೇರ್‌ಬಾಕ್ಸ್, ಟೈರ್ ಬದಲಾದಂತೆ ನಷ್ಟವೂ ಬದಲಾಗುತ್ತದೆ.

ಈ ಡೈನೋದ ದೊಡ್ಡ ಕೊರತೆ ಬೇರೆ: ಬ್ರೇಕ್ ಇಲ್ಲದ ಕಾರಣ 3000 ಆರ್‌ಪಿಎಂನಲ್ಲಿ ಅರ್ಧ ಥ್ರಾಟಲ್ ಕೊಟ್ಟು ಎಂಜಿನ್ನನ್ನು ಅಲ್ಲೇ ಹಿಡಿದು ನಿಲ್ಲಿಸಲಾಗದು. ಮ್ಯಾಪಿಂಗ್ (ಇಸಿಯುವಿನ ಇಂಧನ, ಇಗ್ನಿಷನ್ ಸೆಟ್ಟಿಂಗ್ ಹೊಂದಿಸುವುದು) ಮಾಡಿಸುವವರಿಗೆ ಎಡ್ಡಿ ಕರೆಂಟ್ ಬ್ರೇಕ್, ಅಂದರೆ ಕಾಂತಶಕ್ತಿಯಿಂದ ತಡೆಯುವ ಬ್ರೇಕ್, ಇರುವ ಡೈನೋವೇ ಬೇಕು. ಎಕ್ಸಾಸ್ಟೋ ಫಿಲ್ಟರೋ ಬದಲಿಸಿ ಏನಾಯಿತೆಂದು ನೋಡುವವರಿಗೆ ಇದು ಧಾರಾಳ ಸಾಕು. ಪ್ರಿಂಟ್ ಜೊತೆಗೆ ತಿದ್ದುಪಡಿ ಇಲ್ಲದ ರನ್ ಫೈಲ್ ಕೇಳಿ ಪಡೆಯಿರಿ. ಸ್ಮೂಥಿಂಗ್ (ಗ್ರಾಫ್ ಗೆರೆಯನ್ನು ನಯಗೊಳಿಸುವುದು) ಎಷ್ಟಿತ್ತು, ಪ್ರೋಬ್ ಎಷ್ಟು ಡಿಗ್ರಿ ಓದಿತು ಎಂಬುದನ್ನೂ ಬರೆಸಿಕೊಳ್ಳಿ.