ಬಿ.ಇಡಿ.ಯಲ್ಲಿ ಸಮನ್ವಯ ಶಿಕ್ಷಣ: ಪ್ರತ್ಯೇಕ ಪತ್ರಿಕೆಯೋ, ಎಲ್ಲ ವಿಷಯಗಳೊಳಗೋ?

ಸಮನ್ವಯ ಶಿಕ್ಷಣವೆಂದರೆ ವೈಕಲ್ಯ, ಭಾಷೆ, ಹಿನ್ನೆಲೆ ಏನೇ ಇರಲಿ, ಎಲ್ಲ ಮಕ್ಕಳೂ ಒಂದೇ ತರಗತಿಯಲ್ಲಿ ಕಲಿಯುವುದು. ಇದನ್ನು ಭಾವಿ ಶಿಕ್ಷಕರಿಗೆ ಪ್ರತ್ಯೇಕ ಪತ್ರಿಕೆಯಾಗಿ ಕಲಿಸಿದರೆ ಹೊಣೆ ಒಬ್ಬರದು, ವೇಳಾಪಟ್ಟಿ ಸಲೀಸು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ವೈಕಲ್ಯಗಳು ಪರೀಕ್ಷೆಗೆ ಬಾಯಿಪಾಠವಾಗುತ್ತವೆ. ಪಾಠಯೋಜನೆಗೆ ಮಾತ್ರ ಇಳಿಯುವುದಿಲ್ಲ.

ಎಲ್ಲ ವಿಷಯಗಳೊಳಗೆ ಬೆರೆಸಿದರೆ ಇಳಿಯುತ್ತದೆ. ಯಾದಗಿರಿಯ ತಾಂಡಾ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿ ಗಣಿತ ಪಾಠಕ್ಕೆ ಮುನ್ನ ಹತ್ತು ಲಂಬಾಣಿ ಪದಗಳನ್ನು ಮಕ್ಕಳಿಂದಲೇ ಕೇಳಿ ಬರೆದುಕೊಳ್ಳಲಿ. ಇತಿಹಾಸದವರು ಶಿಕ್ಷಣದ ಕಥೆಯನ್ನು ಇಂಗ್ಲಿಷ್ ಶಿಕ್ಷಣದ ಪರ ಮೆಕಾಲೆ ಬರೆದ 1835ರ ಟಿಪ್ಪಣಿ ಬಿಟ್ಟು ಬಹಮನಿ ಮಂತ್ರಿ ಮಹಮೂದ್ ಗಾವಾನ್ ಬೀದರಿನಲ್ಲಿ ಕಟ್ಟಿಸಿದ ಮದರಸಾದಿಂದ ಶುರುಮಾಡಬಹುದು. (ಅದನ್ನೂ ಬರೀ ಹೊಗಳಿ ಬಿಡಬಾರದು, ಅಲ್ಲಿ ಯಾರು ಕಲಿತರು, ಯಾರು ಹೊರಗುಳಿದರು ಎಂದು ಕೇಳಿಸಬೇಕು.) ಖರ್ಚು ಕಡಿಮೆ. ಆದರೆ ಹೊಣೆ ಹಂಚಿಹೋಗಿ ಯಾರೂ ಕೇಳದಂತಾಗುತ್ತದೆ. ಅದಕ್ಕೇ ಪ್ರಶಿಕ್ಷಣಾರ್ಥಿಯ ಪಾಠ ನೋಡಿ ಅಂಕ ಕೊಡುವ ವೀಕ್ಷಣಾ ಹಾಳೆಯಲ್ಲಿ ಇದಕ್ಕೆಂದೇ ಅಂಕ ಇಡಿ.

ಅತಿಥಿ ಉಪನ್ಯಾಸಕರೇ ಹೆಚ್ಚಿರುವ ಕಾಲೇಜಿಗೆ ಮೊದಲನೆಯದು ವಾಸಿ. ಕಾಯಂ ಬೋಧಕರು ಒಟ್ಟಿಗೆ ಕೂತು ಪಾಠಯೋಜನೆ ತಿದ್ದುವಲ್ಲಿ ಎರಡನೆಯದು.