ಕಾರ್ಕ್‌ನ ನನ್ನ ಕ್ಲಾಸಿಗೆ ಪೋರ್ಚುಗಲ್ ಗೆಳೆಯರು: ಇಟ್ವಿನ್ನಿಂಗ್ ಬಳಸಿದ ಮೇಲೆ

ನನ್ನೂರು ತೀರ್ಥಹಳ್ಳಿ. ಈಗ ಐರ್ಲೆಂಡಿನ ಕಾರ್ಕ್‌ನಲ್ಲಿ ಪ್ರೈಮರಿ ಟೀಚರ್. ಕಳೆದ ವರ್ಷ ಇಟ್ವಿನ್ನಿಂಗ್ (ಯುರೋಪಿನ ಶಾಲೆಗಳು ಆನ್‌ಲೈನ್‌ನಲ್ಲೇ ಜೊತೆಗೂಡಿ ಪ್ರಾಜೆಕ್ಟ್ ಮಾಡುವ ವೇದಿಕೆ) ಮೂಲಕ ದಕ್ಷಿಣ ಪೋರ್ಚುಗಲ್‌ನ ಒಂದು ಶಾಲೆಯ ಜೊತೆ ಮಳೆ ಅಳೆಯುವ ಪ್ರಾಜೆಕ್ಟ್ ಮಾಡಿದೆವು. 2005ರಲ್ಲಿ ಶುರುವಾದ ಈ ಸೇವೆ ಈಗ ಐರೋಪ್ಯ ಒಕ್ಕೂಟದ ಶಿಕ್ಷಣ ಯೋಜನೆಯಾದ ಎರಾಸ್ಮಸ್ ಪ್ಲಸ್‌ನ ಭಾಗ. ಫೀಸು ಇಲ್ಲ, ಮಕ್ಕಳು ವಿಮಾನ ಹತ್ತಬೇಕಿಲ್ಲ. ಮನೆಯಲ್ಲಿ ಅನುಕೂಲ ಇಲ್ಲದ ಮಗುವೂ ಹೊರಗುಳಿಯುವುದಿಲ್ಲ. ನನಗೆ ಇದೇ ಎಲ್ಲಕ್ಕಿಂತ ದೊಡ್ಡದು.

ಪ್ರಾಜೆಕ್ಟಿಗೆ ಒಪ್ಪಿಗೆ ಸಿಕ್ಕ ಮೇಲೆ ಟ್ವಿನ್‌ಸ್ಪೇಸ್ ಅನ್ನುವ, ಆ ಪ್ರಾಜೆಕ್ಟಿನದೇ ಆನ್‌ಲೈನ್ ಜಾಗ ತೆರೆಯುತ್ತದೆ. ಫೋಟೋ, ಬರಹ, ಚರ್ಚೆ ಎಲ್ಲ ಅಲ್ಲೇ. ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ, ಬಾಯಿಯ ಭಾಗ ಬೋರಲು ಹಾಕಿ, ಪಕ್ಕಕ್ಕೆ ಸ್ಕೇಲು ಅಂಟಿಸಿ ಎರಡೂ ಕಡೆ ಮಳೆಮಾಪಕ ಮಾಡಿಕೊಂಡೆವು. ಮೇ ತಿಂಗಳ ಒಂದು ವಾರ ಅವರ ಬಾಟಲಿಯ ತಳದಲ್ಲಿ ಒಂದು ಸತ್ತ ಜೇನುಹುಳ ಬಿಟ್ಟರೆ ಏನೂ ಇರಲಿಲ್ಲ. ಆ ಫೋಟೋ ನೋಡಿ ನಮ್ಮ ಹುಡುಗನೊಬ್ಬ, ‘ಹಾಗಾದರೆ ಅವರಿಗೆ ಆಟದ ಪೀರಿಯಡ್ ಯಾವತ್ತೂ ತಪ್ಪುವುದೇ ಇಲ್ಲವಾ?’ ಅಂದ. ಅವತ್ತೇ ಆಗುಂಬೆಯ ಮಳೆಯ ಕಥೆಯನ್ನೂ ಹೇಳಿದೆ.

ಜೊತೆಗಾರರನ್ನು ಮಾತ್ರ ನೋಡಿ ಆರಿಸಿ. ನಮಗೆ ಮೊದಲು ಸಿಕ್ಕ ಇನ್ನೊಂದು ದೇಶದ ಶಾಲೆ ಮೂರು ವಾರಕ್ಕೇ ಉತ್ತರ ಕೊಡುವುದು ನಿಲ್ಲಿಸಿತು. ಮಕ್ಕಳು ಬರೆದ ಪರಿಚಯ ಪತ್ರಗಳು ಹಾಗೇ ಉಳಿದವು. ತುಂಬಾ ನೊಂದುಕೊಂಡರು. ಮೊದಲು ಟೀಚರ್ ಜೊತೆ ಒಂದು ವಿಡಿಯೋ ಕಾಲ್ ಮಾಡಿಬಿಡಿ. ಪೋರ್ಚುಗಲ್‌ನ ಗಡಿಯಾರವೂ ನಮ್ಮದೂ ಒಂದೇ, ಹಾಗಾಗಿ ಕಾಲ್‌ಗೆ ಹೊತ್ತು ಹೊಂದಿಸುವುದು ಕಷ್ಟವಾಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಅದೇ ಟೀಚರ್ ಜೊತೆ ಮತ್ತೆ ಶುರು ಮಾಡುತ್ತಿದ್ದೇನೆ.